ಹುತ್ತರಿ ಕಳೆದ ಮೇಲೆ ಯುರೇನಸ್ ಹುಡುಕುವುದು ಹೇಗೆ?

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಯುರೇನಸ್ ಗ್ರಹ ಹುಡುಕಲು ಹೋಗಬೇಡಿ. ಅಂದು ಗದ್ದೆಗೆ ಹೋಗಿ ಕದಿರು ತೆಗೆದು, ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗಿ ಬರುವುದೇ ಸರಿ. ಹುತ್ತರಿ ಬೀಳುವುದು ಹುಣ್ಣಿಮೆಯ ಆಸುಪಾಸಿನಲ್ಲಿ, ಚಂದ್ರ ರೋಹಿಣಿ ನಕ್ಷತ್ರಕ್ಕೆ ಬಂದಾಗ. 2026ರ ಚಳಿಗಾಲದಲ್ಲಿ ಯುರೇನಸ್ ಬೀಡುಬಿಟ್ಟಿರುವುದೂ ಅದೇ ಕೇರಿಯಲ್ಲಿ, ಕೃತ್ತಿಕೆಗೂ ರೋಹಿಣಿಗೂ ನಡುವೆ. ತುಂಬಿದ ಚಂದ್ರ ಪಕ್ಕದಲ್ಲೇ ನಿಂತಿರುವಾಗ, ಬರಿಗಣ್ಣಿಗೆ ಕಂಡೂ ಕಾಣದಂತಿರುವ ಈ ಗ್ರಹ ಎಲ್ಲಿ ಸಿಕ್ಕೀತು?

ಆದರೆ ಹಬ್ಬ ಮುಗಿದು ವಾರ ಕಳೆಯುವಷ್ಟರಲ್ಲಿ ಚಂದ್ರ ಸಂಜೆಯ ಆಕಾಶದಿಂದ ಜಾಗ ಖಾಲಿ ಮಾಡುತ್ತಾನೆ. ಮಳೆಯೂ ಹಿಂದೆ ಸರಿದಿರುತ್ತದೆ. ಕೊಡಗಿನಲ್ಲಿ ವರ್ಷದ ಅರ್ಧ ಭಾಗ ಆಕಾಶವೆನ್ನುವುದು ಇದೆಯೋ ಇಲ್ಲವೋ ಎಂಬಂತಿರುವಾಗ, ಡಿಸೆಂಬರಿನ ಈ ಕೆಲವು ದಿನಗಳನ್ನು ಬಿಟ್ಟುಕೊಡಬಾರದು. ಬೇಕಾಗಿರುವುದು ಒಂದು ಬೈನಾಕ್ಯುಲರ್, ಒಂದು ಪೆನ್ಸಿಲ್, ಎರಡು ರಾತ್ರಿ. ಒಂದೇ ರಾತ್ರಿ ಏಕೆ ಸಾಲದು ಎಂಬುದೇ ಈ ಗ್ರಹದ ಕಥೆಯ ತಿರುಳು. ಅದು ಮುಂದೆ ಬರುತ್ತದೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ

2026ರ ನವೆಂಬರ್ 24ಕ್ಕೆ ಹುಣ್ಣಿಮೆ. ಅದಾದ ಒಂದೆರಡು ದಿನಕ್ಕೆ ಯುರೇನಸ್ ಭೂಮಿಗೆ ಆ ವರ್ಷದ ಮಟ್ಟಿಗೆ ಅತಿ ಸಮೀಪ ಬರುತ್ತದೆ. ಪತ್ರಿಕೆಗಳು, ಮೊಬೈಲು, ಎಲ್ಲವೂ ಅಂದೇ ನೋಡಿ ಎನ್ನಬಹುದು. ಕಿವಿಗೆ ಹಾಕಿಕೊಳ್ಳಬೇಡಿ. ಇಷ್ಟು ದೂರದ ಗ್ರಹಕ್ಕೆ ಹದಿನೈದು ದಿನದಲ್ಲಿ ಹೊಳಪು ಕುಂದುವುದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಬೆಳದಿಂಗಳು ಇದೆಯೋ ಇಲ್ಲವೋ ಎಂಬುದೇ ಮುಖ್ಯ. ಡಿಸೆಂಬರ್ 8-9ಕ್ಕೆ ಅಮಾವಾಸ್ಯೆ. ಹಾಗಾಗಿ ಮೊದಲ ರಾತ್ರಿಗೆ ಡಿಸೆಂಬರ್ 2 ಅಥವಾ 3, ಎರಡನೆಯದಕ್ಕೆ 11 ಅಥವಾ 12 ಇಟ್ಟುಕೊಳ್ಳಿ. ಮೋಡ ಅಡ್ಡ ಬಂದರೆ ಜನವರಿಯ ಮೊದಲ ವಾರವೂ ಆದೀತು.

ಹೊತ್ತು ರಾತ್ರಿ ಎಂಟೂವರೆಯಿಂದ ಹತ್ತು. ನಡುರಾತ್ರಿಗೆ ಗ್ರಹ ಇನ್ನೂ ಮೇಲೇರಿರುತ್ತದೆ ನಿಜ, ಆದರೆ ಆ ಹೊತ್ತಿಗೆ ಗದ್ದೆಬಯಲಿನಿಂದ ಮಂಜು ಎದ್ದು ಲೆನ್ಸ್ ಮೇಲೆ ಕೂತಿರುತ್ತದೆ. ಎತ್ತರದಲ್ಲಿರುವವರಿಗೆ ಈ ಕಾಟ ಕಡಿಮೆ, ತಗ್ಗಿನವರಿಗೆ ಹೆಚ್ಚು.

ಜಾಗ

ಮಾಂದಲಪಟ್ಟಿಗೋ ತಲಕಾವೇರಿಗೋ ಹೋಗುವ ಯೋಚನೆ ಬಿಡಿ. ಮನೆಯ ಕಾಫಿ ಕಣಕ್ಕಿಂತ ಒಳ್ಳೆಯ ವೀಕ್ಷಣಾಲಯ ಕೊಡಗಿನಲ್ಲಿಲ್ಲ. ಸುತ್ತಲಿನ ಸಿಲ್ವರ್ ಓಕ್ ಮರಗಳು ದಿಗಂತವನ್ನು ಮುಚ್ಚಿದರೂ ನೆತ್ತಿಯ ಮೇಲಿನ ಆಕಾಶ ತೆರೆದಿರುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಅದರ ಮೇಲೆ ಕಾಲಿಟ್ಟರೆ ಮನೆಯ ಹಿರಿಯರಿಂದ ಬೈಗುಳ ಖಂಡಿತ. ಅಂಚಿನಲ್ಲಿ ಕುರ್ಚಿ ಹಾಕಿಕೊಳ್ಳಿ.

ಬಾಣೆಯ ಹುಲ್ಲುಗಾವಲಿನಲ್ಲಿ ಆಕಾಶ ಇನ್ನೂ ವಿಶಾಲ. ಆದರೂ ಸಿದ್ದಾಪುರ, ಪಾಲಿಬೆಟ್ಟದ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ: ದೀಪ ಆರಿಸಿಕೊಂಡು, ಮೇಲೆ ನೋಡುತ್ತ, ತೋಟದ ನಡುವೆ ನಿಲ್ಲುವುದು ಆನೆ ಓಡಾಡುವ ಊರಿನಲ್ಲಿ ಮಾಡುವ ಕೆಲಸವಲ್ಲ. ಅಂಗಳ ಬಿಟ್ಟು ಕದಲಬೇಡಿ.

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಪೇಟೆಯೊಳಗಿನವರು ತಾರಸಿ ಹತ್ತಿ, ಬೀದಿದೀಪ ಕಣ್ಣಿಗೆ ನೇರ ಬೀಳದಂತೆ ಕೂತರೆ ಸಾಕು. ಬೈನಾಕ್ಯುಲರಿಗೆ ಪೇಟೆಯ ಬೆಳಕು ಅಷ್ಟೇನೂ ಅಡ್ಡಿಯಾಗದು.

ಸಲಕರಣೆ

ಹಕ್ಕಿ ನೋಡುವ ಬೈನಾಕ್ಯುಲರ್ ಸಾಕು. ಮೇಲೆ 7×50, 8×42 ಅಥವಾ 10×50 ಎಂದು ಬರೆದಿರುವುದಾದರೆ ಒಳ್ಳೆಯದು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಹೋಂಸ್ಟೇ ನಡೆಸುವ ನೆಂಟರ ಮನೆಯಲ್ಲಿ ಒಂದಾದರೂ ಇದ್ದೇ ಇರುತ್ತದೆ, ಕೇಳಿ ತನ್ನಿ. ಕೈ ನಡುಗಿದರೆ ನಕ್ಷತ್ರವೆಲ್ಲ ಗೀಟಾಗುತ್ತದೆ, ಹಾಗಾಗಿ ಆರಾಮ ಕುರ್ಚಿಯ ಕೈಗೆ ಮೊಣಕೈ ಊರಿ ನೋಡಿ. ಟಾರ್ಚಿನ ಬಾಯಿಗೆ ಕೆಂಪು ಬಣ್ಣದ ಜಿಲೇಟಿನ್ ಕಾಗದ ಕಟ್ಟಿಕೊಳ್ಳಿ, ಬಿಳಿ ಬೆಳಕು ಬಿದ್ದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಮತ್ತೆ ಇಪ್ಪತ್ತು-ಮೂವತ್ತು ನಿಮಿಷ ಬೇಕು. ಮೊಬೈಲ್ ಒಳಗಿಟ್ಟು ಬನ್ನಿ. ಸ್ಟೆಲೇರಿಯಂ ಎಂಬ ಆ್ಯಪ್‌ನಲ್ಲಿ ಆ ರಾತ್ರಿಯ ಆಕಾಶವನ್ನು ಮೊದಲೇ ನೋಡಿಕೊಂಡಿದ್ದರೆ ಅಷ್ಟೇ ಸಾಕು.

ಕೃತ್ತಿಕೆಯಿಂದ ಹೊರಡಿ

ಪೂರ್ವಕ್ಕೆ ಮುಖಮಾಡಿ ಕೂತುಕೊಳ್ಳಿ. ಒಂಬತ್ತರ ಹೊತ್ತಿಗೆ ಮರಗಳ ಮೇಲಿಂದ ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜದ) ನಡುಪಟ್ಟಿಯ ಮೂರು ನಕ್ಷತ್ರಗಳು ಸಾಲಾಗಿ ಎದ್ದು ಬಂದಿರುತ್ತವೆ. ಆ ಸಾಲನ್ನೇ ಮೇಲಕ್ಕೆ ಎಳೆದರೆ ಕೆಂಪಗಿನ ರೋಹಿಣಿ, ಇನ್ನೂ ಮೇಲಕ್ಕೆ ಹೋದರೆ ಒತ್ತೊತ್ತಾಗಿ ಕೂತ ಕೃತ್ತಿಕೆಯ ಗುಂಪು. ಕೃತ್ತಿಕೆ ಗೊತ್ತಿಲ್ಲದವರು ಯಾರು? ಅದನ್ನು ಬೈನಾಕ್ಯುಲರಿನಲ್ಲಿ ಒಮ್ಮೆ ನೋಡಿ ಸಂತೋಷಪಡಿ, ಆಮೇಲೆ ಕೆಲಸಕ್ಕೆ ಬನ್ನಿ.

ಕೈ ನೀಳವಾಗಿ ಚಾಚಿ ನಡುವಿನ ಮೂರು ಬೆರಳು ಜೋಡಿಸಿ ಹಿಡಿದರೆ ಆಕಾಶದಲ್ಲಿ ಸುಮಾರು 5 ಡಿಗ್ರಿ ಅಗಲ. ಕೃತ್ತಿಕೆಯಿಂದ ರೋಹಿಣಿಯ ದಿಕ್ಕಿಗೆ, ಆದರೆ ಇಬ್ಬರನ್ನೂ ಸೇರಿಸುವ ಗೆರೆಗಿಂತ ಸ್ವಲ್ಪ ಬಲಕ್ಕೆ ವಾಲಿ, ಅಷ್ಟು ದೂರ ಇಳಿಯಿರಿ. ಯುರೇನಸ್ ಅಲ್ಲೇ ಇದೆ. 10×50 ಬೈನಾಕ್ಯುಲರಿನಲ್ಲಿ ಕೃತ್ತಿಕೆಯನ್ನು ಮೇಲಿನ ಅಂಚಿಗೆ ತಳ್ಳಿದರೆ ಗ್ರಹ ಕೆಳಗಿನ ಅಂಚಿನ ಹತ್ತಿರ ಬರುತ್ತದೆ.

ಕಷ್ಟ ಶುರುವಾಗುವುದು ಇಲ್ಲಿಯೇ. ಅಲ್ಲಿ ಕಾಣುವುದು ಒಂದಲ್ಲ, ಹಲವು ಚುಕ್ಕಿ. ಯುರೇನಸ್ಸಿನ ಹೊಳಪು ಸುಮಾರು 5.6 ಕಾಂತಿಮಾನ (ಈ ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ), ಅಷ್ಟೇ ಮಂಕಾದ ನಕ್ಷತ್ರಗಳು ಅದರ ನೆರೆಯಲ್ಲಿವೆ. ತುಸು ಹಸಿರು ಮಿಶ್ರಿತ ನೀಲಿ ಛಾಯೆ ಕಂಡರೂ ಕಂಡೀತು, ಎಲ್ಲರ ಕಣ್ಣಿಗೂ ಕಾಣುತ್ತದೆಂದು ನಾನು ಹೇಳಲಾರೆ. ಬಣ್ಣ ನಂಬಿ ತೀರ್ಪು ಕೊಡಬೇಡಿ.

ಪೆನ್ಸಿಲ್ ತೆಗೆದುಕೊಳ್ಳಿ

ಹಾಳೆಯ ಮೇಲೆ ಲೋಟ ಕವುಚಿ ಒಂದು ವೃತ್ತ ಎಳೆಯಿರಿ. ಬೈನಾಕ್ಯುಲರಿನಲ್ಲಿ ಆ ಜಾಗದಲ್ಲಿ ಕಾಣುವ ಪ್ರತಿ ಚುಕ್ಕಿಯನ್ನೂ ಅದರೊಳಗೆ ಗುರುತಿಸಿ. ಹೊಳಪಿನದಕ್ಕೆ ದಪ್ಪ ಚುಕ್ಕಿ, ಮಂಕಿನದಕ್ಕೆ ಸಣ್ಣದು. ತ್ರಿಕೋನ, ಚೌಕ, ನೇರ ಸಾಲು ಯಾವುದಾದರೂ ಕಾಣುತ್ತದೆಯೇ ನೋಡಿ, ಹಾಗಿದ್ದರೆ ಅಳತೆ ಸುಲಭ. ಮೂಲೆಯಲ್ಲಿ ದಿನಾಂಕ, ಹೊತ್ತು. ಯಾವುದು ಗ್ರಹ ಎಂದು ಅಂದೇ ಗುರುತು ಹಾಕಬೇಡಿ.

ಎಂಟೊಂಬತ್ತು ದಿನ ಬಿಟ್ಟು ಅದೇ ಹೊತ್ತಿಗೆ ಅದೇ ಜಾಗವನ್ನು, ಹಳೆಯ ಚಿತ್ರ ನೋಡದೆ, ಮತ್ತೆ ಬರೆಯಿರಿ. ಎರಡನ್ನೂ ಹೋಲಿಸಿದಾಗ ಎಲ್ಲ ಚುಕ್ಕಿಗಳೂ ಇದ್ದಲ್ಲೇ ಇರುತ್ತವೆ, ಒಂದು ಮಾತ್ರ ಕೃತ್ತಿಕೆಯ ಕಡೆಗೆ ಸರಿದಿರುತ್ತದೆ. ಚಂದ್ರಬಿಂಬದ ಅಗಲದ ಮೂರನೇ ಎರಡು ಭಾಗದಷ್ಟು. ಅದೇ ಯುರೇನಸ್. ಜನವರಿಗೆ ಈ ನಡೆ ನಿಧಾನವಾಗುತ್ತದೆ, ಫೆಬ್ರವರಿಯ ಆರಂಭದಲ್ಲಿ ನಿಂತೇಬಿಟ್ಟಂತೆ ಕಾಣಿಸಿ ಆಮೇಲೆ ಹಿಂದಿರುಗುತ್ತದೆ. ಆದ್ದರಿಂದ ತಡಮಾಡಿದಷ್ಟೂ ಎರಡು ರಾತ್ರಿಗಳ ನಡುವಿನ ಅಂತರ ಹೆಚ್ಚಿಸಬೇಕು.

ಇಷ್ಟೆಲ್ಲ ಏಕೆ, ಆ್ಯಪ್ ತೋರಿಸಿದ್ದನ್ನು ನಂಬಿದರಾಗದೇ ಎನ್ನುವವರು ಇದನ್ನು ಕೇಳಿ. ಗ್ರೀನಿಚ್‌ನ ಖಗೋಳಜ್ಞ ಜಾನ್ ಫ್ಲಾಮ್‌ಸ್ಟೀಡ್ 1690ರ ಡಿಸೆಂಬರಿನಲ್ಲೇ ಯುರೇನಸ್ ಕಂಡಿದ್ದರು. ವೃಷಭ ರಾಶಿಯ 34ನೇ ನಕ್ಷತ್ರ ಎಂದು ತಮ್ಮ ಪಟ್ಟಿಗೆ ಸೇರಿಸಿ ಮುಂದೆ ಹೋದರು. ಫ್ರಾನ್ಸಿನ ಪಿಯರ್ ಲೆ ಮೊನಿಯೆ 1750ರಿಂದ 1769ರವರೆಗೆ ಹತ್ತಾರು ಸಲ ನೋಡಿದರು, ಒಮ್ಮೆಯಂತೂ ಸಾಲಾಗಿ ನಾಲ್ಕು ರಾತ್ರಿ. ಅವರ ದುರದೃಷ್ಟ, ಗ್ರಹ ಆಗ ನಿಂತಂತೆ ಕಾಣುವ ಹಂತದಲ್ಲಿತ್ತು, ಗೊತ್ತಾಗಲೇ ಇಲ್ಲ. ಕೊನೆಗೆ 1781ರ ಮಾರ್ಚ್ 13ರಂದು ಇಂಗ್ಲೆಂಡಿನ ಬಾತ್ ಊರಿನಲ್ಲಿ, ತಮ್ಮ ಮನೆಯ ಹಿತ್ತಿಲಲ್ಲಿ, ಸಂಗೀತ ಕಲಿಸಿ ಜೀವನ ಮಾಡುತ್ತಿದ್ದ ವಿಲಿಯಂ ಹರ್ಷಲ್ ತಾವೇ ಕಟ್ಟಿದ ದೂರದರ್ಶಕದಲ್ಲಿ ಅದನ್ನು ನೋಡಿ ‘ಇದು ನಕ್ಷತ್ರವಲ್ಲ’ ಎಂದುಕೊಂಡರು. ನಕ್ಷತ್ರವಾಗಿದ್ದರೆ ಚುಕ್ಕಿಯಾಗಿಯೇ ಇರಬೇಕಿತ್ತು, ಇದು ಬಿಲ್ಲೆಯಂತಿತ್ತು. ನಾಲ್ಕು ದಿನ ಬಿಟ್ಟು ನೋಡಿದರೆ ಜಾಗ ಬದಲಿಸಿತ್ತು. ಅವರೂ ಮೊದಲು ಧೂಮಕೇತು ಎಂದೇ ಭಾವಿಸಿದ್ದರು. ಅದರ ದಾರಿಯನ್ನು ಲೆಕ್ಕ ಹಾಕಿದ ಮೇಲೆ ಶನಿಗೂ ಆಚೆ ಒಂದು ಗ್ರಹವಿದೆ ಎಂಬುದು ಖಚಿತವಾಯಿತು.

ಯುರೇನಸ್ ಸೂರ್ಯನನ್ನು ಒಂದು ಸುತ್ತು ಬರಲು 84 ವರ್ಷ. ನಾಲ್ಕು ಸುತ್ತಿಗೆ 336. 1690ಕ್ಕೆ 336 ಕೂಡಿಸಿ: 2026. ಫ್ಲಾಮ್‌ಸ್ಟೀಡ್ ಕಂಡ ಜಾಗಕ್ಕೇ ಗ್ರಹ ಈಗ ಮರಳಿ ಬಂದಿದೆ. ಈ ಡಿಸೆಂಬರನ್ನು ಬಿಡಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಅರ್ಧ ಕಾರಣ ಇದೇ.

ಕಂಡದ್ದು ಏನು?

ಮಕ್ಕಳು ಪಕ್ಕದಲ್ಲಿದ್ದರೆ ‘ಇಷ್ಟೇನಾ?’ ಎನ್ನುವುದು ಖಂಡಿತ. ಉತ್ತರ ಸಿದ್ಧವಿರಲಿ.

ಆ ಚುಕ್ಕಿಯ ವ್ಯಾಸ ಸುಮಾರು 51,100 ಕಿ.ಮೀ., ಅಂದರೆ ಭೂಮಿಯ ನಾಲ್ಕು ಪಟ್ಟು. ತೂಕದಲ್ಲಿ ಹದಿನಾಲ್ಕೂವರೆ ಭೂಮಿ. ನಮ್ಮಿಂದ ಸುಮಾರು 275 ಕೋಟಿ ಕಿ.ಮೀ. ದೂರ, ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಎರಡೂವರೆ ಗಂಟೆ. ರಾತ್ರಿ ಎಂಟಕ್ಕೆ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ನಮ್ಮಲ್ಲಿ ಇನ್ನೂ ಬಿಸಿಲಿತ್ತು, ಆಳುಗಳು ಕೊಯ್ದ ಕಾಫಿಯ ತೂಕ ಮುಗಿಸಿ ಮನೆಗೆ ಹೊರಟಿದ್ದರು.

ಮೇಲ್ಪದರದಲ್ಲಿ ಹೈಡ್ರೋಜನ್, ಹೀಲಿಯಂ, ಜೊತೆಗೆ ಒಂದಿಷ್ಟು ಮೀಥೇನ್. ಮೀಥೇನ್ ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುವುದರಿಂದ ಉಳಿದದ್ದು ಹಸಿರುನೀಲಿಯಾಗಿ ಕಾಣುತ್ತದೆ. ಕಾಲೂರಲು ನೆಲವಿಲ್ಲ, ಕೆಳಗೆ ಇಳಿದಂತೆ ಅನಿಲ ದಟ್ಟವಾಗುತ್ತ ನೀರು, ಅಮೋನಿಯಾ, ಮೀಥೇನ್‌ಗಳ ಬಿಸಿ ದ್ರವವಾಗುತ್ತದೆ. ವಾತಾವರಣದಲ್ಲಿ ದಾಖಲಾದ ಕನಿಷ್ಠ ತಾಪಮಾನ ಮೈನಸ್ 224 ಡಿಗ್ರಿ ಸೆಲ್ಸಿಯಸ್. ನೆಪ್ಚೂನ್ ಇದಕ್ಕಿಂತ ದೂರವಿದ್ದರೂ ಇಷ್ಟು ತಣ್ಣಗಿಲ್ಲ, ಏಕೆಂದರೆ ಯುರೇನಸ್ಸಿನ ಒಡಲಿನಿಂದ ಹೊರಗೆ ಬರುವ ಶಾಖ ತೀರ ಕಡಿಮೆ. ಮೋಡಗಳ ಮೇಲೆ ಹೈಡ್ರೋಜನ್ ಸಲ್ಫೈಡ್ ಇರುವುದು 2018ರಲ್ಲಿ ಪ್ರಕಟವಾಯಿತು. ಕೊಳೆತ ಮೊಟ್ಟೆಯ ವಾಸನೆ ಬರುವುದು ಇದೇ ಅನಿಲದಿಂದ; ಮಕ್ಕಳಿಗೆ ಉಳಿದೆಲ್ಲ ಮರೆತರೂ ಇದು ಮರೆಯುವುದಿಲ್ಲ.

ಆದರೆ ನಿಜಕ್ಕೂ ವಿಚಿತ್ರ ಅದರ ವಾಲು. ಭೂಮಿಯ ಅಕ್ಷ 23.4 ಡಿಗ್ರಿ ವಾಲಿದ್ದರೆ ಯುರೇನಸ್ಸಿನದು ಸುಮಾರು 98 ಡಿಗ್ರಿ. ಅಡ್ಡ ಬಿದ್ದ ಬುಗುರಿ ತಿರುಗುತ್ತಲೇ ಸೂರ್ಯನ ಸುತ್ತ ಹೊರಟಂತೆ. ತನ್ನ ಸುತ್ತ ತಿರುಗಲು ಹದಿನೇಳು ಕಾಲು ಗಂಟೆಯೇ ಸಾಕು, ಆದರೂ ಅದರ ಧ್ರುವದಲ್ಲಿ ನಿಂತವನಿಗೆ 42 ವರ್ಷ ಹಗಲು, 42 ವರ್ಷ ರಾತ್ರಿ. ಬಹಳ ಹಿಂದೆ ಭೂಮಿಯಷ್ಟೋ ಅದಕ್ಕಿಂತ ದೊಡ್ಡದೋ ಆದ ಕಾಯವೊಂದು ಬಡಿದು ಕೆಡವಿತು ಎಂಬುದು ಹೆಚ್ಚಿನವರು ಒಪ್ಪುವ ಊಹೆ. ಈ ವರ್ಷಗಳಲ್ಲಿ ಅದರ ಉತ್ತರ ಧ್ರುವ ಸೂರ್ಯನತ್ತ ತಿರುಗುತ್ತಿದೆ.

ಉಂಗುರಗಳೂ ಇವೆ, 13. ಅವು ಸಿಕ್ಕ ರಾತ್ರಿಯಲ್ಲಿ ನಮ್ಮವರ ಪಾಲೂ ಇತ್ತು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ತಮಿಳುನಾಡಿನ ಕವಲೂರಿನ ಒಂದು ಮೀಟರ್ ದೂರದರ್ಶಕದಿಂದ ನೋಡುತ್ತಿದ್ದಾಗ, ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಕ್ಷಣಕಾಲ ಮಂಕಾಯಿತು. ಅಪರಿಚಿತ ಉಪಗ್ರಹವೊಂದು ಮರೆಮಾಡಿರಬೇಕು ಎಂದು ಅವರು ವರದಿ ಮಾಡಿದರು. ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಹಾರುತ್ತ ಇದನ್ನೇ ದಾಖಲಿಸಿದ ಜೇಮ್ಸ್ ಎಲಿಯಟ್ ಮತ್ತವರ ಸಂಗಡಿಗರಿಗೆ ಗ್ರಹದ ಎರಡೂ ಬದಿಯಲ್ಲಿ ಅದೇ ಅಂತರದಲ್ಲಿ ಮಂಕಾಗುವುದು ಸಿಕ್ಕಿತು. ಎರಡೂ ಬದಿ ಒಂದೇ ರೀತಿ ಎಂದರೆ ಅದು ಉಂಗುರವೇ.

ಹತ್ತಿರ ಹೋಗಿ ನೋಡಿದ್ದು ವಾಯೇಜರ್-2 ಎಂಬ ಬಾಹ್ಯಾಕಾಶ ನೌಕೆ ಮಾತ್ರ, 1986ರ ಜನವರಿ 24ರಂದು, ಮೋಡಗಳಿಂದ ಸುಮಾರು 81,500 ಕಿ.ಮೀ. ಎತ್ತರದಲ್ಲಿ. ಆ ಒಂದು ಭೇಟಿಯಲ್ಲಿ ಹತ್ತು ಹೊಸ ಉಪಗ್ರಹಗಳು ಸಿಕ್ಕವು. 2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಕಂಡ ಪುಟಾಣಿಯೂ ಸೇರಿ ಈಗ ಲೆಕ್ಕ 29.

ಶಾಲೆಯಲ್ಲಿ ಟೆಲಿಸ್ಕೋಪ್ ಇದ್ದರೆ

ಕೆಲವು ಶಾಲೆ, ಕಾಲೇಜುಗಳಲ್ಲಿ ಕಪಾಟಿನೊಳಗೆ ಒಂದು ಟೆಲಿಸ್ಕೋಪ್ ಇರುತ್ತದೆ. ಎರಡನೇ ರಾತ್ರಿಗೆ ಅದನ್ನು ಹೊರಗೆ ತರಿಸಿ. ಮೊದಲು ಬೈನಾಕ್ಯುಲರಿನಲ್ಲಿ ಗ್ರಹವನ್ನು ಖಚಿತಪಡಿಸಿಕೊಂಡು, ಕಡಿಮೆ ವರ್ಧನೆಯ ಕಣ್ಮಸೂರ (ಐಪೀಸ್) ಹಾಕಿ ಹಿಡಿಯಿರಿ, ಆಮೇಲೆ 100 ಪಟ್ಟಿಗೆ ಏರಿಸಿ. ಸುತ್ತಲಿನ ನಕ್ಷತ್ರಗಳು ಚುಕ್ಕಿಯಾಗಿಯೇ ಉಳಿದು ಇದೊಂದು ಮಾತ್ರ ಪುಟ್ಟ ಬಿಲ್ಲೆಯಾಗುತ್ತದೆ. 150ಕ್ಕೆ ಹೋದರೆ ಇನ್ನೂ ಸ್ಪಷ್ಟ. ಉಂಗುರ, ಪಟ್ಟೆ, ಉಪಗ್ರಹ ಯಾವುದೂ ಕಾಣುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಶನಿಯನ್ನು ನೋಡಿದ ಮಕ್ಕಳು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಅಂಗಳದಲ್ಲಿಟ್ಟು ಹೊರಗಿನ ಚಳಿಗೆ ಹೊಂದಿಕೊಳ್ಳಲು ಬಿಡಬೇಕು. ಬಿಸಿ ಕೋಣೆಯಿಂದ ತಂದ ತಕ್ಷಣ ನೋಡಿದರೆ ಬಿಲ್ಲೆ ಕುದಿಯುವಂತೆ ನಡುಗುತ್ತದೆ.