ಬ್ರಿಟಿಷ್ ಕುದುರೆ ರೆಜಿಮೆಂಟ್ ಒಂದರ ಯುದ್ಧಕಾಲದ ಕಥೆ ಹುಡುಕೋದು ಹೇಗೆ

ಮೊದಲು ರೆಜಿಮೆಂಟಿನ ಹೆಸರು ಸರಿಯಾಗಿ ಹಿಡ್ಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ. ಡ್ರಗೂನ್, ಹುಸಾರ್, ಲ್ಯಾನ್ಸರ್ ಅನ್ನೋದೆಲ್ಲ ಕುದುರೆ ಸೈನ್ಯದ ಬೇರೆ ಬೇರೆ ಬಗೆಯ ಹೆಸರು. 2ನೇ ಡ್ರಗೂನ್ಸ್ ಬೇರೆ, 2ನೇ ಡ್ರಗೂನ್ ಗಾರ್ಡ್ಸ್ ಬೇರೆ. ಮೊದಲನೇದು ಸ್ಕಾಟ್ಸ್ ಗ್ರೇಸ್, ಎರಡನೇದು ಕ್ವೀನ್ಸ್ ಬೇಸ್. ಒಬ್ಬ ಸೈನಿಕನ ದಾಖಲೆ ಕಾರ್ಡಲ್ಲಿ ಚಿಕ್ಕದಾಗಿ ಬರೆದಿದ್ದ ಹೆಸರನ್ನ ತಪ್ಪಾಗಿ ಓದಿ ನಾನು ಸುಮಾರು ಎರಡು ತಿಂಗಳು ಬೇಸ್ ರೆಜಿಮೆಂಟಿನ ಕಾಗದ ತಿರುವಿ ಹಾಕಿದೀನಿ, ನನಗೆ ಬೇಕಿದ್ದ ಸೈನಿಕ ಗ್ರೇಸಲ್ಲಿ ಇದ್ದ. ಹಾಗೇ 4ನೇ ಡ್ರಗೂನ್ ಗಾರ್ಡ್ಸ್ ಇದೆ, 4ನೇ ಹುಸಾರ್ಸೂ ಇದೆ. 5ನೇ ಡ್ರಗೂನ್ ಗಾರ್ಡ್ಸ್ ಇದೆ, 5ನೇ ಲ್ಯಾನ್ಸರ್ಸೂ ಇದೆ. ಬರೀ ನಂಬರ್ ನೋಡಿ ಹೊರಟ್ರೆ ದಾರಿ ತಪ್ಪತ್ತೆ.

ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಒಟ್ಟು 31 ರೆಗ್ಯುಲರ್ ಕುದುರೆ ರೆಜಿಮೆಂಟ್ ಇದ್ವು. ರಾಜನ ಕಾವಲಿನ ಹೌಸ್‌ಹೋಲ್ಡ್ ಕ್ಯಾವಲ್ರಿ 3, ಡ್ರಗೂನ್ ಗಾರ್ಡ್ಸ್ 7, ಡ್ರಗೂನ್ಸ್ 3, ಹುಸಾರ್ಸ್ 12, ಲ್ಯಾನ್ಸರ್ಸ್ 6. ಯೋಮನ್ರಿ ಅಂತ ಇದ್ದಿದ್ದು ಟೆರಿಟೋರಿಯಲ್ ಸೈನ್ಯ, ಅಂದ್ರೆ ಪಾರ್ಟ್ ಟೈಮ್ ಸೈನಿಕರದ್ದು, ಅದರ ಲೆಕ್ಕ ಬೇರೆ. ಹೌಸ್‌ಹೋಲ್ಡ್ ಕ್ಯಾವಲ್ರಿ ಸೈನಿಕರ ದಾಖಲೆ ಲಂಡನ್ನಿನ ಕ್ಯೂದಲ್ಲಿರೋ ನ್ಯಾಷನಲ್ ಆರ್ಕೈವ್ಸಲ್ಲಿ ಡಬ್ಲ್ಯೂಓ 400 ಅನ್ನೋ ಬೇರೆ ಸರಣೀಲಿದೆ (ಡಬ್ಲ್ಯೂಓ ಅಂದ್ರೆ ವಾರ್ ಆಫೀಸ್, ಆಗಿನ ಯುದ್ಧ ಇಲಾಖೆ), ನಿಮ್ಮ ಮನುಷ್ಯ ಅದರ ಲೈಫ್ ಗಾರ್ಡ್ಸ್ ರೆಜಿಮೆಂಟಲ್ಲಿ ಇದ್ದಿದ್ರೆ ನೇರ ಅಲ್ಲಿಗೇ ಹೋಗಿ.

ಎರಡನೇ ಮಾತು, ಇಡೀ ಯುದ್ಧ ಒಟ್ಟಿಗೆ ಎತ್ಕೋಬೇಡಿ. ಒಂದು ರೆಜಿಮೆಂಟು, ಒಂದು ವಾರ, ಅಷ್ಟು ಸಾಕು. ಆ ಒಂದು ವಾರದಲ್ಲಿ ಅವರು ಎಲ್ಲಿ ಮಲಗಿದ್ರು, ಕುದುರೆಗೆ ಎಲ್ಲಿ ನೀರು ಕುಡಿಸಿದ್ರು, ಯಾರ ಆರ್ಡರ್ ಮೇಲೆ ಹೊರಟ್ರು, ಯಾರು ವಾಪಸ್ ಬರಲಿಲ್ಲ ಅಂತ ಪೂರ್ತಿ ಕೂಡಿಸೋಕೆ ಬಂದ್ರೆ ಮಿಕ್ಕಿದ ನಾಲ್ಕು ವರ್ಷ ಹುಡುಕೋ ದಾರಿ ತಾನಾಗೇ ಗೊತ್ತಾಗತ್ತೆ. ನಾನು ಇಲ್ಲಿ 7ನೇ ಡ್ರಗೂನ್ ಗಾರ್ಡ್ಸ್ ಉದಾಹರಣೆ ಇಟ್ಕೊಂಡೇ ಹೇಳ್ತೀನಿ, ಯಾಕಂದ್ರೆ ಹುಡುಕೋರಿಗೆ ಸಿಗೋ ತೊಡಕೆಲ್ಲ ಈ ಒಂದೇ ರೆಜಿಮೆಂಟಲ್ಲಿ ಇದೆ.

ಅಸಲಿ ದಾಖಲೆ ಅಂದ್ರೆ ವಾರ್ ಡೈರಿ. ಮೊದಲ ಮಹಾಯುದ್ಧದಲ್ಲಿ ಹೊರದೇಶದಲ್ಲಿದ್ದ ಪ್ರತಿ ಯೂನಿಟ್ಟೂ ದಿನಾ ಬರೀಬೇಕಿತ್ತು, ಅದೆಲ್ಲ ನ್ಯಾಷನಲ್ ಆರ್ಕೈವ್ಸಲ್ಲಿ ಡಬ್ಲ್ಯೂಓ 95 ಅನ್ನೋ ಸರಣೀಲಿದೆ. ಆದ್ರೆ ಆ ಸರಣಿ ರೆಜಿಮೆಂಟ್ ಹೆಸರಿನ ಪ್ರಕಾರ ಜೋಡಿಸಿಲ್ಲ, ಸೈನ್ಯದ ಏಣಿ ಪ್ರಕಾರ ಜೋಡಿಸಿದಾರೆ, ಅಂದ್ರೆ ಡಿವಿಷನ್, ಅದರೊಳಗೆ ಬ್ರಿಗೇಡ್, ಅದರೊಳಗೆ ರೆಜಿಮೆಂಟ್. ಅದಕ್ಕೇ ನಿಮ್ಮ ರೆಜಿಮೆಂಟ್ ಯಾವ ತಿಂಗಳು ಯಾವ ಬ್ರಿಗೇಡಲ್ಲಿತ್ತು ಅಂತ ಮೊದಲು ಒಂದು ಹಾಳೇಲಿ ಬರ್ಕೊಳ್ಳಿ. 7ನೇ ಡ್ರಗೂನ್ ಗಾರ್ಡ್ಸ್ ಯುದ್ಧ ಶುರುವಾದಾಗ ಸಿಕಂದರಾಬಾದಲ್ಲಿತ್ತು, 1914ರ ಅಕ್ಟೋಬರಲ್ಲಿ ಸಿಕಂದರಾಬಾದ್ ಕ್ಯಾವಲ್ರಿ ಬ್ರಿಗೇಡ್ ಜೊತೆ ಫ್ರಾನ್ಸಿನ ಮಾರ್ಸೇ ಬಂದರಿಗೆ ಬಂದಿಳೀತು. ಬ್ರಿಟಿಷ್ ರೆಜಿಮೆಂಟೇ ಆದ್ರೂ ಅದರ ಡೈರಿ ಇಂಡಿಯನ್ ಕ್ಯಾವಲ್ರಿ ಡಿವಿಷನ್ ಕಡೆ ಹುಡುಕ್ಬೇಕು, ಯಾಕಂದ್ರೆ ಆ ಬ್ರಿಗೇಡುಗಳಲ್ಲಿ ಒಂದು ಬ್ರಿಟಿಷ್ ರೆಜಿಮೆಂಟಿಗೆ ಎರಡು ಭಾರತೀಯ ರೆಜಿಮೆಂಟ್ ಅನ್ನೋ ಲೆಕ್ಕ. 1916ರ ಕೊನೇಲಿ 1 ಮತ್ತು 2ನೇ ಇಂಡಿಯನ್ ಕ್ಯಾವಲ್ರಿ ಡಿವಿಷನ್‌ಗಳ ಹೆಸರು 4 ಮತ್ತು 5ನೇ ಕ್ಯಾವಲ್ರಿ ಡಿವಿಷನ್ ಅಂತಾಯ್ತು, ಹೆಸರಷ್ಟೇ ಬದಲಾಗಿದ್ದು. ಆಮೇಲೆ 1918ರ ಮಾರ್ಚಲ್ಲಿ ಆ ಡಿವಿಷನ್‌ಗಳನ್ನೇ ಒಡೆದ್ರು, ಭಾರತೀಯ ರೆಜಿಮೆಂಟ್‌ಗಳು ಈಜಿಪ್ಟ್ ಕಡೆ ಹೋದ್ವು, 7ನೇ ಡ್ರಗೂನ್ ಗಾರ್ಡ್ಸ್ ಫ್ರಾನ್ಸಲ್ಲೇ ಉಳಿದು 3ನೇ ಕ್ಯಾವಲ್ರಿ ಡಿವಿಷನ್‌ನ 7ನೇ ಬ್ರಿಗೇಡಿಗೆ ಸೇರ್ತು. ಒಂದೇ ರೆಜಿಮೆಂಟು, ಡೈರಿ ಮಾತ್ರ ಬೇರೆ ಬೇರೆ ಕಡೆ. ಅರ್ಧ ಸಿಕ್ಕ ಕೂಡಲೇ ಇಷ್ಟೇ ಇರೋದು ಅನ್ಕೊಂಡು ನಿಲ್ಲಿಸೋರು ತುಂಬಾ ಜನ.

15ನೇ ಹುಸಾರ್ಸ್, 19ನೇ ಹುಸಾರ್ಸ್ ಕಥೆ ಇನ್ನೂ ತೊಡಕು. 1914ರಲ್ಲಿ ಅವುಗಳ ಸ್ಕ್ವಾಡ್ರನ್‌ಗಳನ್ನ (ರೆಜಿಮೆಂಟಿನೊಳಗಿನ ತಂಡಗಳನ್ನ) ಒಂದೊಂದಾಗಿ ಬೇರೆ ಬೇರೆ ಕಾಲಾಳು ಡಿವಿಷನ್‌ಗಳಿಗೆ ಹಂಚಿಬಿಟ್ಟಿದ್ರು, ಹಾಗಾಗಿ ಆ ತಿಂಗಳುಗಳಲ್ಲಿ ಯಾವ ಸ್ಕ್ವಾಡ್ರನ್ ಅಂತ ಗೊತ್ತಿಲ್ದೆ ಒಂದು ಹೆಜ್ಜೇನೂ ಇಡೋಕಾಗಲ್ಲ.

ಡೈರಿ ಓದೋದಕ್ಕೂ ಅಭ್ಯಾಸ ಬೇಕು. ಫಾರ್ಮ್ ಹೆಸರು ಸಿ 2118, ಅದರಲ್ಲಿ ಜಾಗ, ತಾರೀಕು, ಗಂಟೆ, ಆಮೇಲೆ ನಡೆದಿದ್ದರ ಸಾರಾಂಶ ಬರೆಯೋ ಅಗಲವಾದ ಕಾಲಂ, ಕೊನೇಲಿ ಷರಾ. ಹೆಚ್ಚಿನದು ಪೆನ್ಸಿಲ್ಲಲ್ಲಿ ಬರೆದಿದ್ದು, ಬರೆದವನು ರೆಜಿಮೆಂಟಿನ ಆಡಳಿತ ಕೆಲಸ ನೋಡೋ ಆಡ್ಜುಟೆಂಟೋ ಇನ್ನೊಬ್ಬ ಆಫೀಸರೋ, ಕೆಲವು ದಿನ ಒಂದೇ ಸಾಲು, ಕೆಲವು ದಿನ ಎರಡು ಪುಟ. ಆಫೀಸರ್ ಸತ್ರೆ ಹೆಸರು ಬರತ್ತೆ, ಸಾಮಾನ್ಯ ಸೈನಿಕ ಸತ್ರೆ ಬರೀ ಓ.ಆರ್. ಅಂತ ಬರೆದು ಮುಂದೆ ಒಂದು ಸಂಖ್ಯೆ, ಅದರ ಪಕ್ಕದಲ್ಲೇ ಕುದುರೆಗಳ ಸಂಖ್ಯೆ. ಓ.ಆರ್. ಅಂದ್ರೆ ಅದರ್ ರ‍್ಯಾಂಕ್ಸ್, ಆಫೀಸರ್ ಅಲ್ಲದ ಎಲ್ಲರೂ. ಈ ಸಾಲು ಓದುವಾಗೆಲ್ಲ ನನಗೆ ಸಂಕಟ ಆಗತ್ತೆ, ಆ ಸಂಖ್ಯೆಗೆ ಹೆಸರು ಹುಡುಕಿ ಕೂರಿಸೋದೇ ಈ ಕೆಲಸದಲ್ಲಿ ಮುಖ್ಯ ಅಂತ ನಾನು ನಂಬಿದೀನಿ. ಯುದ್ಧದಲ್ಲಿ ಸತ್ತವರ ಸಮಾಧಿ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ರೆಜಿಮೆಂಟ್ ಹೆಸರು, ತಾರೀಕು ಹಾಕಿ ಹುಡುಕಿದ್ರೆ ಆ ದಿನ ಸತ್ತವರ ಪಟ್ಟಿ ದುಡ್ಡಿಲ್ದೆ ಸಿಗತ್ತೆ. ಆದ್ರೆ ಹಿಂದಿನ ದಿನ ಗಾಯ ಆಗಿ ಎರಡು ವಾರ ಬಿಟ್ಟು ಆಸ್ಪತ್ರೇಲಿ ಸತ್ತವನು ಆ ತಾರೀಕಲ್ಲಿ ಬರಲ್ಲ, ಅದಕ್ಕೆ ಮುಂದಿನ ಒಂದು ತಿಂಗಳೂ ಸೇರಿಸಿ ನೋಡಿ. ಆಸ್ಪತ್ರೆ ಇದ್ದ ಊರಿನ ಸ್ಮಶಾನದಲ್ಲಿ ಸಮಾಧಿ ಇದ್ರೆ ಅದೇ ಸುಳಿವು.

ಜಾಗ ಹುಡುಕೋಕೆ ಮ್ಯಾಪ್ ಬೇಕೇ ಬೇಕು. ಡೈರೀಲಿ 57ಸಿ, ಎಸ್, 4, ಡಿ ಅಂತ ಬರೆದಿದ್ರೆ ಗಾಬರಿ ಆಗ್ಬೇಡಿ. 57ಸಿ ಅಂದ್ರೆ ಮ್ಯಾಪ್ ಹಾಳೆ, ಎಸ್ ಅದರೊಳಗಿನ ದೊಡ್ಡ ಚೌಕ, 4 ಅನ್ನೋದು ಒಂದು ಬದಿ 1000 ಗಜ ಇರೋ ಚಿಕ್ಕ ಚೌಕ, ಡಿ ಅಂದ್ರೆ ಆ ಚೌಕನ ನಾಲ್ಕು ಭಾಗ ಮಾಡಿದ್ರೆ ಕೆಳಗಡೆ ಬಲಗಡೆ ಭಾಗ. ಅದರ ಮುಂದೆ ಇನ್ನೆರಡು ಅಂಕಿ ಇದ್ರೆ ಮೊದಲನೇದು ಪೂರ್ವಕ್ಕೆ ಎಷ್ಟು, ಎರಡನೇದು ಉತ್ತರಕ್ಕೆ ಎಷ್ಟು ಅಂತ, ಅಂದ್ರೆ ಸುಮಾರು 50 ಗಜದ ಒಳಗೆ ಜಾಗ ಗೊತ್ತಾಗತ್ತೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಈ ಟ್ರೆಂಚ್ ಮ್ಯಾಪ್‌ಗಳನ್ನ ಆನ್‌ಲೈನಲ್ಲಿ ಇಟ್ಟಿದೆ, ಇವತ್ತಿನ ಮ್ಯಾಪ್ ಮೇಲೆ ಹೊದಿಸಿ ನೋಡಬಹುದು. ಹಳೇ ಆರ್ಮಿ ಲಿಸ್ಟುಗಳೂ ಅಲ್ಲೇ ಇವೆ, ಯಾವ ತಿಂಗಳು ಯಾವ ಆಫೀಸರ್ ಯಾವ ರೆಜಿಮೆಂಟಲ್ಲಿದ್ದ ಅನ್ನೋದಕ್ಕೆ ಅದಕ್ಕಿಂತ ಒಳ್ಳೇದು ಇಲ್ಲ.

ಈಗ ಆ 57ಸಿ ಎಸ್ 4 ಚೌಕಕ್ಕೇ ಬರೋಣ, ಅಲ್ಲಿರೋದು ಫ್ರಾನ್ಸಿನ ಸೋಮ್ ರಣರಂಗದ ಹೈ ವುಡ್ ಅನ್ನೋ ಕಾಡು. 1916ರ ಜುಲೈ 14ರ ಸಂಜೆ 7ನೇ ಡ್ರಗೂನ್ ಗಾರ್ಡ್ಸ್ ಮತ್ತು ಅದೇ ಬ್ರಿಗೇಡಿನ ಭಾರತೀಯ ರೆಜಿಮೆಂಟ್ 20ನೇ ಡೆಕ್ಕನ್ ಹಾರ್ಸ್ ಆ ಕಾಡಿನ ಪಕ್ಕದ ಪೈರಿನ ಹೊಲದೊಳಗೆ ಕುದುರೆ ಮೇಲೆ ನುಗ್ಗಿದ್ರು. ಈ ಘಟನೆ ಬಗ್ಗೆ ಎಷ್ಟೋ ಕಡೆ ಓದಿರ್ತೀರಿ, ಮೆಷಿನ್ ಗನ್ ಎದುರು ಕುದುರೆ ಸವಾರರೆಲ್ಲ ಹುಲ್ಲು ಕೊಯ್ದ ಹಾಗೆ ಬಿದ್ರು, ಮೂರ್ಖ ಜನರಲ್‌ಗಳು ಸಾಯಿಸಿಬಿಟ್ರು ಅಂತ. ದೂರದಿಂದ ನೋಡಿದ ಕಾಲಾಳು ಸೈನಿಕರೂ ಎಷ್ಟೋ ವರ್ಷ ಆದ್ಮೇಲೆ ಹಾಗೇ ಬರೆದಿದಾರೆ. ಡೈರಿ ತೆಗೆದು ನೋಡಿದ್ರೆ ಚಿತ್ರನೇ ಬೇರೆ. ಅವರು ಹೊಲದಲ್ಲಿ ಅಡಗಿದ್ದ ಜರ್ಮನ್ನರನ್ನ ಅಟ್ಟಿಸ್ಕೊಂಡು ಹೋದ್ರು, ಕೆಲವರನ್ನ ಕೈದಿ ಮಾಡಿದ್ರು, ಕತ್ತಲಾಗ್ತಾ ಇಳಿದು ರಾತ್ರಿ ಒಂದು ಸಾಲು ಹಿಡಿದ್ರು, ಮಾರನೇ ದಿನ ಬೆಳಗಿನ ಜಾವ ವಾಪಸ್ ಬಂದ್ರು. ಸತ್ತವರ ಸಂಖ್ಯೆ ಆ ದಂತಕಥೆಗೆ ಹೋಲಿಸಿದ್ರೆ ತುಂಬಾ ಕಮ್ಮಿ, ಸತ್ತವರಿಗಿಂತ ಗಾಯ ಆದವರು, ಕುದುರೆಗಳು ಜಾಸ್ತಿ. ಹಾಗಂತ ಅದು ದೊಡ್ಡ ಗೆಲುವೂ ಅಲ್ಲ, ಹೈ ವುಡ್ ಪೂರ್ತಿ ಕೈಗೆ ಬರೋಕೆ ಸೆಪ್ಟೆಂಬರ್ ಆಯ್ತು.

ಇಂಥದ್ದು ಸಿಕ್ಕಾಗ ಒಂದೇ ಡೈರಿ ನಂಬಿ ತೀರ್ಪು ಕೊಡ್ಬೇಡಿ. ರೆಜಿಮೆಂಟ್ ಡೈರಿ, ಬ್ರಿಗೇಡ್ ಡೈರಿ, ಡಿವಿಷನ್ ಡೈರಿ, ಪಕ್ಕದಲ್ಲಿದ್ದ ಕಾಲಾಳು ಬೆಟಾಲಿಯನ್ ಡೈರಿ, ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ಗಂಟೆ ಪ್ರಕಾರ ಒಂದು ಟೇಬಲ್ ಮಾಡಿ. ಬ್ರಿಗೇಡ್ ಹತ್ರ ಆರ್ಡರ್ ಬಂದ ಗಂಟೆ ಇರತ್ತೆ, ರೆಜಿಮೆಂಟ್ ಹತ್ರ ಹೊರಟ ಗಂಟೆ ಇರತ್ತೆ, ಮಧ್ಯೆ ಇರೋ ಅಂತರದಲ್ಲೇ ಎಷ್ಟೋ ಸಲ ಕಥೆ ಇರೋದು. ಡೈರಿ ಹಿಂದೆ ಅಂಟಿಸಿರೋ ಅಪೆಂಡಿಕ್ಸ್ ಬಿಡಲೇಬೇಡಿ, ಆಪರೇಷನ್ ಆರ್ಡರ್, ಕೈಯಲ್ಲಿ ಬರೆದ ಮೆಸೇಜ್ ಚೀಟಿಗಳು, ಸ್ಕೆಚ್ ಮ್ಯಾಪ್ ಎಲ್ಲಾ ಅಲ್ಲಿರ್ತವೆ. ಡಿವಿಷನ್ ಪಟ್ಟಿಯಲ್ಲೇ ಮೊಬೈಲ್ ವೆಟರ್ನರಿ ಸೆಕ್ಷನ್ ಡೈರೀನೂ ಇರತ್ತೆ, ಕುದುರೆಗಳಿಗೆ ಏನಾಯ್ತು ಅಂತ ತಿಳ್ಕೊಳ್ಳೋಕೆ ಅದನ್ನ ಓದಿ, ಯಾರೂ ಅದನ್ನ ತೆಗೆಯೋದೇ ಇಲ್ಲ.

ಇನ್ನೊಂದು ಲೆಕ್ಕ ತಲೇಲಿರ್ಲಿ. ಕುದುರೆ ಸವಾರರು ಇಳಿದು ಹೋರಾಡುವಾಗ ನಾಲ್ವರಲ್ಲಿ ಒಬ್ಬ ಕುದುರೆಗಳನ್ನ ಹಿಡ್ಕೊಂಡು ಹಿಂದೆ ನಿಲ್ತಿದ್ದ. ಇಂಗ್ಲೆಂಡಿಂದ ಹೊರಟ ರೆಜಿಮೆಂಟಲ್ಲಿ 3 ಸ್ಕ್ವಾಡ್ರನ್, ಒಟ್ಟು ಸುಮಾರು 550 ಜನ, ಅದರಲ್ಲಿ ಇವರನ್ನೆಲ್ಲ ಕಳೆದ್ರೆ ಬಂದೂಕು ಹಿಡಿದು ಸಾಲಲ್ಲಿ ನಿಲ್ಲೋರು ಎಷ್ಟು ಕಮ್ಮಿ ಅಂತ ನೋಡಿ, ಆಗ ಯಾಕೆ ಒಂದು ಕಾಲಾಳು ಬೆಟಾಲಿಯನ್ ಮಾಡೋ ಕೆಲಸಕ್ಕೆ ಇಡೀ ಬ್ರಿಗೇಡೇ ಬೇಕಾಗ್ತಿತ್ತು ಅಂತ ಅರ್ಥ ಆಗತ್ತೆ.

ಇನ್ನು ಒಬ್ಬೊಬ್ಬ ಸೈನಿಕನ ವಿಷಯ. 1940ರ ಸೆಪ್ಟೆಂಬರಲ್ಲಿ ಲಂಡನ್ ಮೇಲೆ ಜರ್ಮನ್ನರು ಬಾಂಬ್ ಹಾಕಿದಾಗ ಸೈನಿಕರ ಸರ್ವಿಸ್ ರೆಕಾರ್ಡ್ ಅರ್ಧಕ್ಕಿಂತ ಜಾಸ್ತಿ ಸುಟ್ಟು ಹೋಯ್ತು. ಉಳಿದ ಅಂಚು ಸುಟ್ಟ ಕಾಗದ ಡಬ್ಲ್ಯೂಓ 363, ಪಿಂಚಣಿ ಕಾಗದ ಡಬ್ಲ್ಯೂಓ 364, ಆಫೀಸರ್‌ಗಳದ್ದು ಡಬ್ಲ್ಯೂಓ 339 ಮತ್ತು 374. ಸಿಗಲಿಲ್ಲ ಅಂದ್ರೆ ಕೈ ಚೆಲ್ಬೇಡಿ, ಮೆಡಲ್ ಕಾರ್ಡ್ ಡಬ್ಲ್ಯೂಓ 372ರಲ್ಲಿ ಸಾಮಾನ್ಯವಾಗಿ ಸಿಗತ್ತೆ. ಅದರಲ್ಲಿ 1914 ಸ್ಟಾರ್ ಅನ್ನೋ ಪದಕ ಇದ್ರೆ ಅವನು ಆಗಸ್ಟ್ 5ರಿಂದ ನವೆಂಬರ್ 22ರೊಳಗೆ ಫ್ರಾನ್ಸ್ ಅಥವಾ ಬೆಲ್ಜಿಯಂಗೆ ಬಂದಿದ್ದ ಅಂತ ಖಚಿತ. ಸೈನಿಕನ ನಂಬರ್ ನೋಡಿ ರೆಜಿಮೆಂಟ್ ಹೇಳೋಕೆ ಹೋಗ್ಬೇಡಿ, ಯಾಕಂದ್ರೆ ಯುದ್ಧಕ್ಕೆ ಕೆಲವು ವರ್ಷ ಮುಂಚಿಂದಲೇ ಡ್ರಗೂನ್, ಹುಸಾರ್, ಲ್ಯಾನ್ಸರ್ ಅಂತ ಕೋರ್ ಪ್ರಕಾರ, ಅಂದ್ರೆ ಒಂದೇ ಬಗೆಯ ರೆಜಿಮೆಂಟ್‌ಗಳ ಗುಂಪಿನ ಪ್ರಕಾರ ನಂಬರ್ ಕೊಡ್ತಿದ್ರು, ಒಂದೇ ಕೋರ್ ಒಳಗೆ ರೆಜಿಮೆಂಟ್ ಬದಲಾದ್ರೂ ನಂಬರ್ ಅದೇ. ನಂಬರ್ ಪೂರ್ತಿ ಬೇರೆ ಆಗಿದ್ರೆ ಅವನು ಮೆಷಿನ್ ಗನ್ ಕೋರಿಗೆ ಹೋದ್ನಾ ನೋಡಿ, 1916ರಲ್ಲಿ ರೆಜಿಮೆಂಟ್‌ಗಳ ಮೆಷಿನ್ ಗನ್ ತಂಡಗಳನ್ನ ತೆಗೆದು ಬ್ರಿಗೇಡಿಗೊಂದು ಸ್ಕ್ವಾಡ್ರನ್ ಮಾಡಿದ್ರು, ಡೈರೀನೂ ಬೇರೆ. ಸೆರೆ ಸಿಕ್ಕಿದವರಿಗೆ ರೆಡ್ ಕ್ರಾಸ್ ಇಂಟರ್‌ನ್ಯಾಷನಲ್ ಕಮಿಟಿಯ ಕೈದಿಗಳ ಕಾರ್ಡ್ ಆನ್‌ಲೈನಲ್ಲಿದೆ, ಪದಕ, ಬಡ್ತಿ ಬೇಕಾದ್ರೆ ಲಂಡನ್ ಗೆಜೆಟ್, ಎರಡೂ ಉಚಿತ.

ರೆಜಿಮೆಂಟಿನ ಅಧಿಕೃತ ಇತಿಹಾಸ ಪುಸ್ತಕನ ನಾನು ಕೊನೇಗೆ ಓದ್ತೀನಿ, ಇದು ನನ್ನ ಹಠ. ಅದನ್ನ ಬರೆದವರು ಸಾಮಾನ್ಯವಾಗಿ ಅದೇ ರೆಜಿಮೆಂಟಿನ ಆಫೀಸರ್‌ಗಳು, ಜೊತೆಯವರ ಮನಸ್ಸಿಗೆ ನೋವಾಗದ ಹಾಗೆ ಬರೆದಿರ್ತಾರೆ. ಮೊದಲೇ ಓದಿದ್ರೆ ಡೈರೀಲೂ ಅದೇ ಕಾಣೋಕೆ ಶುರುವಾಗತ್ತೆ.

ಯುದ್ಧ ಆದ್ಮೇಲೆ ಹೆಸರು ಮತ್ತೆ ಬದಲಾಗತ್ತೆ, ಮ್ಯೂಸಿಯಂ ಹುಡುಕೋಕೆ ಇದು ಗೊತ್ತಿರ್ಬೇಕು. 1922ರಲ್ಲಿ 4 ಮತ್ತು 7ನೇ ಡ್ರಗೂನ್ ಗಾರ್ಡ್ಸ್ ಸೇರಿ 4/7ನೇ ಡ್ರಗೂನ್ ಗಾರ್ಡ್ಸ್ ಆಯ್ತು, ಆಮೇಲೆ ಕುದುರೆ ಬಿಟ್ಟು ಟ್ಯಾಂಕ್ ಹತ್ತಿದ್ರು, 1944ರ ಜೂನ್ 6ರಂದು ನೀರಲ್ಲಿ ತೇಲೋ ಶರ್ಮನ್ ಟ್ಯಾಂಕ್‌ಗಳ ಜೊತೆ ಫ್ರಾನ್ಸಿನ ನಾರ್ಮಂಡಿ ತೀರದ ಗೋಲ್ಡ್ ಬೀಚಿಗೆ ಬಂದ್ರು. ಆ ಕಾಲದ ಡೈರಿ ಡಬ್ಲ್ಯೂಓ 171ರಲ್ಲಿ. 1992ರಲ್ಲಿ ಇನ್ನೊಂದು ರೆಜಿಮೆಂಟ್ ಜೊತೆ ಸೇರಿ ರಾಯಲ್ ಡ್ರಗೂನ್ ಗಾರ್ಡ್ಸ್ ಆಯ್ತು, ಅದರ ಮ್ಯೂಸಿಯಂ ಇಂಗ್ಲೆಂಡಿನ ಯಾರ್ಕಲ್ಲಿದೆ. ಮ್ಯೂಸಿಯಂಗೆ ಬರೆಯೋವಾಗ ತಾರೀಕು, ಸ್ಕ್ವಾಡ್ರನ್, ನೀವು ಈಗಾಗ್ಲೇ ನೋಡಿರೋ ಫೈಲ್ ನಂಬರ್ ಎಲ್ಲಾ ಹಾಕಿ ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರ ಬರೋ ಸಾಧ್ಯತೆ ಜಾಸ್ತಿ. ಕ್ಯೂದ ನ್ಯಾಷನಲ್ ಆರ್ಕೈವ್ಸಿಗೆ ಹೋಗೋಕಾದ್ರೆ ಫೈಲ್ ನೋಡೋಕೆ ಬೇಕಾದ ರೀಡರ್ಸ್ ಟಿಕೆಟ್ ಮಾಡಿಸ್ಕೊಂಡು ನಿಮ್ಮ ಫೋನಲ್ಲೇ ಫೋಟೋ ತೆಗೀಬಹುದು, ಪ್ರತಿ ಫೈಲಿನ ಮೊದಲ ಫೋಟೋ ಫೈಲ್ ನಂಬರಿಂದೇ ಇರ್ಲಿ, ಇಲ್ದಿದ್ರೆ ಮನೆಗೆ ಬಂದ್ಮೇಲೆ ಯಾವ ಪುಟ ಯಾವುದರದ್ದು ಅಂತ ಗೊತ್ತಾಗಲ್ಲ.

ಕೊನೇದಾಗಿ, ಡೈರೀಲಿ ಒಂದು ಸ್ಕ್ವಾಡ್ರನ್ ಬೇರೆಯವರ ಕೈಕೆಳಗೆ ಹೋಯ್ತು ಅಂತ ಒಂದು ಸಾಲು ಇದ್ರೆ ಅಲ್ಲೇ ನಿಂತು ಆ ಬೇರೆಯವರ ಡೈರಿ ತೆಗೀರಿ. 1918ರ ನವೆಂಬರ್ 11ರ ಬೆಳಗ್ಗೆ 7ನೇ ಡ್ರಗೂನ್ ಗಾರ್ಡ್ಸಿನ ಒಂದು ಸ್ಕ್ವಾಡ್ರನ್ ಬೆಲ್ಜಿಯಮ್ಮಿನ ಲೆಸೀನ್ ಸೇತುವೆಗೆ ನಾಗಾಲೋಟದಲ್ಲಿ ಹೊರಟಿದ್ದು ಹಾಗೇ, 29ನೇ ಡಿವಿಷನ್‌ನ 88ನೇ ಬ್ರಿಗೇಡ್ ಕಮಾಂಡರ್ ಫ್ರೈಬರ್ಗ್ ಜೊತೆಗೆ, ಹನ್ನೊಂದು ಗಂಟೆಗೆ ಯುದ್ಧ ನಿಲ್ಲೋ ಮುಂಚೆ ಸೇತುವೆ ಉಳಿಸ್ಕೋಬೇಕು ಅಂತ. ಆ ಬೆಳಗ್ಗೆ ಬೇಕಾದ್ರೆ ಕುದುರೆ ಡಿವಿಷನ್ ಫೈಲ್ ಜೊತೆ 88ನೇ ಬ್ರಿಗೇಡ್ ಫೈಲೂ ತೆಗೆಸಿ.