ಲೈನಿನಲ್ಲಿ ಎಷ್ಟು ಜಾಗ ಇದೆ ಅಂತ ಟಿಸಿಪಿ ಹುಡುಕುವುದನ್ನು ನೀವೇ ನೋಡಿ

ಇಂಟರ್ನೆಟ್‌ನಲ್ಲಿ ಡೇಟಾವನ್ನು ಪ್ಯಾಕೆಟ್ ಅನ್ನುವ ಸಣ್ಣ ತುಂಡುಗಳಾಗಿ ಸಾಗಿಸುವ ವ್ಯವಸ್ಥೆ ಟಿಸಿಪಿ. ಲೈನಿನ ಸ್ಪೀಡ್ ಎಷ್ಟು ಅಂತ ಅದಕ್ಕೆ ಯಾರೂ ಹೇಳಿರುವುದಿಲ್ಲ. ಒಂದಷ್ಟು ಪ್ಯಾಕೆಟ್ ಕಳಿಸುತ್ತದೆ, ತಲುಪಿತು ಅಂತ ಉತ್ತರ ಬಂದರೆ ಇನ್ನಷ್ಟು ಕಳಿಸುತ್ತದೆ. ಅದಕ್ಕಿರುವುದು ಇದೊಂದೇ ದಾರಿ. ಇದನ್ನು ಕಣ್ಣಾರೆ ನೋಡಬಹುದು.

ಬೇಕಾದ್ದು ಎರಡು ಲಿನಕ್ಸ್ ಯಂತ್ರ, ಎರಡರಲ್ಲೂ ಐಪರ್ಫ್3 (ನೆಟ್‌ವರ್ಕ್ ಸ್ಪೀಡ್ ಅಳೆಯುವ ಪ್ರೋಗ್ರಾಂ). ಒಂದು ಸರ್ವರ್, ಇನ್ನೊಂದರಿಂದ 60 ಸೆಕೆಂಡ್ ಡೇಟಾ ಕಳಿಸಿ. ಮನೆಯೊಳಗೆ ಪ್ಯಾಕೆಟ್ ಹೋಗಿಬರುವ ಸಮಯ ತೀರಾ ಕಡಿಮೆ, ಆಟ ಕಣ್ಣಿಗೆ ಕಾಣುವ ಮೊದಲೇ ಮುಗಿದುಹೋಗುತ್ತದೆ, ಅದಕ್ಕೆ ಸರ್ವರ್ ಕಡೆ ನೆಟೆಮ್ (ಬೇಕಂತಲೇ ತಡ ಮಾಡಿಸುವ ಲಿನಕ್ಸ್ ಸೌಲಭ್ಯ) ಹಾಕಿ 40 ಮಿಲಿಸೆಕೆಂಡ್ ತಡ ಸೇರಿಸಿ. ಈಗ ಕಳಿಸುವ ಯಂತ್ರದಲ್ಲಿ, ಕನೆಕ್ಷನ್‌ಗಳ ಸ್ಥಿತಿ ತೋರಿಸುವ ಎಸ್‌ಎಸ್ ಕಮಾಂಡನ್ನು ಟಿ ಮತ್ತು ಐ ಆಪ್ಶನ್ ಕೊಟ್ಟು, 0.1 ಸೆಕೆಂಡಿಗೊಮ್ಮೆ ವಾಚ್ ಕಮಾಂಡಿನಲ್ಲಿ ಓಡಿಸಿ. ಐಪರ್ಫ್3 ಬಳಸುವ ಪೋರ್ಟ್ 5201ಕ್ಕೆ ಎರಡು ಕನೆಕ್ಷನ್ ಕಾಣುತ್ತವೆ. ಒಂದು ಬರೀ ಮಾತುಕತೆಗೆ. ಸಿಡಬ್ಲ್ಯೂಎನ್‌ಡಿ (ಉತ್ತರಕ್ಕೆ ಕಾಯದೆ ಒಮ್ಮೆಗೆ ಎಷ್ಟು ಪ್ಯಾಕೆಟ್ ಕಳಿಸಬಹುದು ಅನ್ನುವ ಲೆಕ್ಕ) ಏರುತ್ತಿರುವುದು ನಮ್ಮದು.

ಕಳಿಸುವ ಕಡೆಯೇ ನೋಡಬೇಕು, ಮರೆಯಬೇಡಿ. ನಾನು ಮೊದಲ ಸಲ ಡೌನ್‌ಲೋಡ್ ಹಾಕಿಕೊಂಡು ನನ್ನ ಕಡೆ ನೋಡುತ್ತಾ ಕೂತಿದ್ದೆ, ಆ ಲೆಕ್ಕ 10 ಇದ್ದದ್ದು 10ರಲ್ಲೇ ಇತ್ತು, ಅರ್ಧ ಗಂಟೆ ಸುಮ್ನೆ ಹೋಯ್ತು.

ನಡುವಿನ ಲಿಂಕ್ 100 ಎಂಬಿಪಿಎಸ್ ಅಂದುಕೊಳ್ಳಿ. 40 ಮಿಲಿಸೆಕೆಂಡಿಗೆ ಅದರಲ್ಲಿ ಹಿಡಿಸುವುದು 500 ಕೆಬಿ, ಅಂದರೆ ಸುಮಾರು 340 ಪ್ಯಾಕೆಟ್. ಶುರು 10ರಿಂದ, ಉತ್ತರ ಬರುವ ಪ್ರತಿ ಸುತ್ತಿಗೂ ದುಪ್ಪಟ್ಟು: 20, 40, 80, 160, 320. ಐದೇ ಸುತ್ತು! ಇದರ ಹೆಸರು ಸ್ಲೋ ಸ್ಟಾರ್ಟ್ ಅಂತೆ.

ಅಲ್ಲಿಂದ ಮುಂದೆ ಕಳಿಸಿದ್ದೆಲ್ಲ ದಾರಿಯಲ್ಲಿ ಸಾಲು ನಿಲ್ಲುತ್ತದೆ. ಆರ್‌ಟಿಟಿ (ಪ್ಯಾಕೆಟ್ ಹೋಗಿ ಉತ್ತರ ಬರುವ ಸಮಯ) ಕಡೆಗೂ ಕಣ್ಣಿಡಿ, ಸ್ಪೀಡ್ ಏರದೆ ಅದು ಮಾತ್ರ 40ರಿಂದ ಮೇಲೆ ಮೇಲೆ ಹೋಗುತ್ತಿದ್ದರೆ ಲಿಂಕ್ ತುಂಬಿದೆ ಅಂತ ಅರ್ಥ. ಕೊನೆಗೆ ಒಂದು ಪ್ಯಾಕೆಟ್ ಬಿದ್ದುಹೋಗುತ್ತದೆ. ಲಿನಕ್ಸ್‌ನ ಮಾಮೂಲಿ ಕ್ಯೂಬಿಕ್ (ಎಷ್ಟು ಕಳಿಸಬೇಕು ಅಂತ ತೀರ್ಮಾನಿಸುವ ವಿಧಾನ) ಆಗ 30% ಇಳಿಯುತ್ತದೆ, ಹಳೆಯ ವಿಧಾನ ರೀನೋ ಆದರೆ ಅರ್ಧಕ್ಕರ್ಧ. ಆಮೇಲೆ ಕ್ಯೂಬಿಕ್ ಬೇಗ ಬೇಗ ಏರಿ, ಹಿಂದೆ ಪೆಟ್ಟು ತಿಂದ ಜಾಗದ ಹತ್ತಿರ ಬಂದಾಗ ನಿಧಾನ ಮಾಡುತ್ತದೆ, ಏನೂ ಆಗದಿದ್ದರೆ ಮತ್ತೆ ಧೈರ್ಯ ಮಾಡುತ್ತದೆ. ಹೀಗೆ ಇಳಿಯುವ ಬುದ್ಧಿ ಇಲ್ಲದ ಕಾಲವೂ ಇತ್ತು: 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ, ಬರೀ 400 ಗಜ ದೂರಕ್ಕೆ, ಸ್ಪೀಡ್ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಬಿದ್ದಿತ್ತು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಬರೆದ ಪರಿಹಾರವನ್ನೇ ನೀವೀಗ ನೋಡುತ್ತಿರುವುದು.

ಇನ್ನು ಸಿಸ್‌ಕಂಟ್ರೋಲ್‌ನಲ್ಲಿ (ಲಿನಕ್ಸ್ ಸೆಟ್ಟಿಂಗ್ ಬದಲಿಸುವ sysctl ಕಮಾಂಡ್) ಕ್ಯೂಬಿಕ್ ತೆಗೆದು ಬಿಬಿಆರ್ ಅನ್ನುವ ಇನ್ನೊಂದು ವಿಧಾನ ಹಾಕಿ ಮತ್ತೆ ಓಡಿಸಿ. ನನಗೆ ಇದನ್ನು ನೋಡುವುದೇ ಜಾಸ್ತಿ ಇಷ್ಟ. ಪ್ಯಾಕೆಟ್ ಬೀಳಲಿ ಅಂತ ಇದು ಕಾಯುವುದಿಲ್ಲ. ಪೇಸಿಂಗ್ ಗೇನ್ (ಅಂದಾಜು ಸ್ಪೀಡಿನ ಎಷ್ಟು ಪಟ್ಟು ವೇಗದಲ್ಲಿ ಕಳಿಸಬೇಕು ಅನ್ನುವುದು) ಒಂದು ಸುತ್ತು 1.25, ಮುಂದಿನದು 0.75, ಆಮೇಲೆ ಆರು ಸುತ್ತು 1. ಕಾಲು ಭಾಗ ಜಾಸ್ತಿ ತಳ್ಳಿದಾಗ ಆ ಕಡೆ ತಲುಪುವುದೂ ಜಾಸ್ತಿ ಆಯ್ತಾ, ಜಾಗ ಇದೆ. ಆಗಲಿಲ್ಲವಾ, ತಾನೇ ಕಟ್ಟಿದ ಸಾಲನ್ನು ಮುಂದಿನ ಸುತ್ತಿನಲ್ಲಿ ಕರಗಿಸುತ್ತದೆ. ಮಧ್ಯೆ 10 ಸೆಕೆಂಡಿಗೊಮ್ಮೆ ಸಿಡಬ್ಲ್ಯೂಎನ್‌ಡಿ ದಿಢೀರನೆ 4ಕ್ಕೆ ಇಳಿದರೆ ಗಾಬರಿ ಬೇಡ, ಸಾಲು ಖಾಲಿ ಮಾಡಿ ನಿಜವಾದ ಆರ್‌ಟಿಟಿ ಅಳೆಯುತ್ತಿದೆ, 200 ಮಿಲಿಸೆಕೆಂಡಿನಲ್ಲಿ ವಾಪಸ್ ಬರುತ್ತದೆ.