ಆಸ್ಪತ್ರೆಯ ಕಂಪ್ಯೂಟರಿನಿಂದ ನಿಮ್ಮ ಕೇಸ್ ಪೇಪರ್ ತೆಗೆಸುವುದು ಹೇಗೆ?

ಡಿಸ್ಚಾರ್ಜ್ ಹೊತ್ತಿಗೆ ಮುಂಬಯಿಯ ದೊಡ್ಡ ಆಸ್ಪತ್ರೆಗಳಲ್ಲಿ ಈಗ ಒಂದೇ ಮಾತು: "ಸಬ್ ಆ್ಯಪ್ ಮೇ ಆಯೇಗಾ", ಎಲ್ಲಾ ಆ್ಯಪಿನಲ್ಲೇ ಬರುತ್ತದೆ. ಮಾಟುಂಗಾ, ಡೊಂಬಿವಲಿಯ ನಮ್ಮವರು ಅದನ್ನೇ ನಂಬಿ ಮನೆಗೆ ಬರುತ್ತಾರೆ. ಆಮೇಲೆ ಮೆಡಿಕ್ಲೇಮ್‌ನವರು ತಕರಾರು ತೆಗೆದಾಗಲೋ, ಮಂಗಳೂರಿನ ಡಾಕ್ಟರು ಹಳೇ ಸ್ಕ್ಯಾನ್ ಕೇಳಿದಾಗಲೋ ಆ್ಯಪ್ ತೆರೆದರೆ ಒಂದು ಸಮ್ಮರಿ, ಒಂದು ಬಿಲ್ಲು. ಅಷ್ಟೇ.

ಹಂತ 1: ಅರ್ಜಿ ರೋಗಿಯ ಹೆಸರಲ್ಲೇ ಇರಲಿ. ಬೇರೆಯವರು ಹೋಗುವುದಾದರೆ ರೋಗಿ ಸಹಿ ಮಾಡಿದ ಅಧಿಕಾರ ಪತ್ರ, ಇಬ್ಬರ ಗುರುತಿನ ಚೀಟಿಯ ಝೆರಾಕ್ಸ್.

ಹಂತ 2: ಏನು ಬೇಕೆಂದು ಹೆಸರು ಹಿಡಿದು ಬರೆಯಿರಿ. ಎಲ್ಲರೂ ಎಡವುವುದು ಇಲ್ಲೇ. "ನನ್ನ ಫೈಲ್ ಕೊಡಿ" ಅಂದರೆ ಮತ್ತೆ ಅದೇ ಸಮ್ಮರಿ ಕೈಗೆ ಬರುತ್ತದೆ. ಇಂಡೋರ್ ಕೇಸ್ ಪೇಪರ್, ಅಂದರೆ ಡಾಕ್ಟರುಗಳ ದಿನದಿನದ ನೋಟ್ಸ್, ನರ್ಸ್ ಚಾರ್ಟ್, ಔಷಧಿ ಚಾರ್ಟ್, ಆಪರೇಷನ್ ಮತ್ತು ಅರಿವಳಿಕೆ ನೋಟ್ಸ್, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ, ಲ್ಯಾಬ್ ರಿಪೋರ್ಟ್. ಒಂದೊಂದನ್ನೂ ಬೇರೆ ಸಾಲಿನಲ್ಲಿ ಬರೆಯಿರಿ. ಎಂಆರ್‌ಐ, ಸಿಟಿ ಆಗಿದ್ದರೆ ರಿಪೋರ್ಟಿನ ಜೊತೆಗೆ ಮೂಲ ಚಿತ್ರಗಳನ್ನೂ 'ಡೈಕಾಮ್' ರೂಪದಲ್ಲಿ, ಅಂದರೆ ಡಾಕ್ಟರುಗಳು ಕಂಪ್ಯೂಟರಿನಲ್ಲಿ ತೆರೆದು ಅಳೆಯಬಹುದಾದ ಮೂಲ ಫೈಲಾಗಿ, ಸಿಡಿಗೆ ಹಾಕಿ ಕೊಡಿ ಎಂದು ಕೇಳಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರಲ್ಲ, ಅದರಲ್ಲಿ ಗಂಟಿನ ಅಳತೆ ತೆಗೆಯಲು ಯಾವ ಡಾಕ್ಟರಿಗೂ ಆಗದು.

ಇನ್ನೊಂದು ಸಾಲು ಮರೆಯಬೇಡಿ. ಕಾಗದದಲ್ಲಿ ಹೊಡೆದು ಹಾಕಿದ್ದು ಕಾಣುತ್ತಿತ್ತು. ಕಂಪ್ಯೂಟರಿನ ಪ್ರಿಂಟಿನಲ್ಲಿ ತಿದ್ದಿದ್ದು ಕಾಣಬೇಕೆಂದಿಲ್ಲ. ಹಾಗಾಗಿ "ಪ್ರತಿ ನೋಟ್ಸಿನ ದಿನಾಂಕ, ಸಮಯ, ಬರೆದವರ ಹೆಸರು ಪ್ರಿಂಟಿನಲ್ಲಿ ಇರಲಿ" ಎಂದು ಸೇರಿಸಿ. ಚಿಕಿತ್ಸೆಯ ಬಗ್ಗೆಯೇ ಜಗಳ ಇದ್ದರೆ, "ನನ್ನ ದಾಖಲೆಯನ್ನು ಯಾರು, ಯಾವಾಗ ತೆರೆದರು, ತಿದ್ದಿದರು ಎಂಬ ಲಾಗ್ ಅಳಿಸದೆ ಇಡಿ" ಎಂದೂ ಬರೆಯಿರಿ. ಇಂಥ ಲಾಗ್ ಇರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾನದಂಡವೇ ಹೇಳುತ್ತದೆ.

ಹಂತ 3: ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಇನ್‌ವರ್ಡ್ ಸ್ಟ್ಯಾಂಪ್, ಅಂದರೆ ಅರ್ಜಿ ತಲುಪಿದ ದಿನಾಂಕದ ಮೊಹರು, ಹಾಕಿಸಿ. ವಾಟ್ಸ್‌ಆ್ಯಪ್ ಮಾಡಿದೆ ಅಂದರೆ ಸಾಲದು. ವೈದ್ಯರ ನಡವಳಿಕೆಯ 2002ರ ನಿಯಮದಂತೆ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆ ಗಡುವು ಶುರುವಾದದ್ದಕ್ಕೆ ಸ್ಟ್ಯಾಂಪೇ ಸಾಕ್ಷಿ. "ಇದು ಗೌಪ್ಯ" ಅಂದರೆ ಹೆದರಬೇಡಿ. ರೋಗಿಗೆ ಪ್ರತಿ ಕೊಡಲೇಬೇಕೆಂದು ಬಾಂಬೆ ಹೈಕೋರ್ಟ್ 1996ರಲ್ಲೇ ಹೇಳಿದೆ. ಝೆರಾಕ್ಸ್ ಖರ್ಚು ಕೊಟ್ಟು ರಸೀದಿ ಪಡೆಯಿರಿ. ನಿಧಾನ ಮಾತ್ರ ಮಾಡಬೇಡಿ: ಅದೇ ನಿಯಮದಂತೆ ಒಳರೋಗಿಯ ದಾಖಲೆ ಇಡಬೇಕಾದದ್ದು ಚಿಕಿತ್ಸೆ ಶುರುವಾದಲ್ಲಿಂದ 3 ವರ್ಷ ಅಷ್ಟೇ.

ಹಂತ 4: 14 ಅಂಕಿಯ ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ) ಇದ್ದರೆ, ಮೊಬೈಲಿಗೆ ಬರುವ ಒಪ್ಪಿಗೆ ಕೋರಿಕೆಯನ್ನು ಓದಿಯೇ ಒತ್ತಿ. ಯಾರು ಕೇಳುತ್ತಿದ್ದಾರೆ, ಯಾವ ಅವಧಿಯ ದಾಖಲೆ, ಎಲ್ಲಿಯವರೆಗೆ ನೋಡಬಹುದು, ಎಲ್ಲಾ ಅಲ್ಲೇ ಇರುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. ರಿಸೆಪ್ಷನ್‌ನವರಿಗೆ ಸುಮ್ನೆ ಒಟಿಪಿ ಹೇಳಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಜಾಹೀರಾತು ತುಂಬಿದ ಪುಕ್ಕಟೆ ಸ್ಕ್ಯಾನರ್ ಆ್ಯಪುಗಳಿಗೆ ಇಂಥ ಕಾಗದ ತೋರಿಸಲೇಬೇಡಿ. ದಾಖಲೆ ಇಟ್ಟುಕೊಳ್ಳಲು ನನ್ನ ಮತ ಪೆನ್‌ಡ್ರೈವಿಗೆ, ಮೇಲೊಂದು ಕಾಗದದ ಕಟ್ಟು.

ಹಂತ 5: ಕೊಡದಿದ್ದರೆ, ಸ್ಟ್ಯಾಂಪ್ ಇರುವ ಪ್ರತಿ ಲಗತ್ತಿಸಿ ಡಾಕ್ಟರ ಮೇಲೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿಗೆ, ಆಸ್ಪತ್ರೆಯ ಮೇಲೆ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ವಿಷಯ ಕೋರ್ಟಿಗೆ ಹೋಗುವಂತಿದ್ದರೆ ಸಿಡಿಯನ್ನು ಹಾಗೇ ಜೋಪಾನ ಮಾಡಿ ವಕೀಲರಿಗೆ ಒಪ್ಪಿಸಿ. ಡಿಜಿಟಲ್ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಅದನ್ನು ಅವರೇ ಮಾಡಿಸುತ್ತಾರೆ.